ಉಪ್ಪು ಹೊತ್ತವರು ಕಳ್ಳರಾದ ಕಥೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಸಮುದ್ರ ಇಲ್ಲ. ವೇದಾವತಿಯಲ್ಲಿ ಹಡಗು ಹೋಗಲ್ಲ. ಆದರೂ ಈ ಬಯಲುಸೀಮೆಯ ಅಂಬಲಿಗೆ ಕಡಲಿನ ಉಪ್ಪೂ ಬೀಳುತ್ತಿತ್ತು. ಅದು ತಾನಾಗಿ ಘಟ್ಟ ಹತ್ತಿ ಬಂತೆ? ಎತ್ತು, ಕತ್ತೆಗಳ ಬೆನ್ನಿಗೆ ಹೇರಿ ತಂದವರು ಕೊರಚರು, ಲಂಬಾಣಿಗಳು. ಉಪ್ಪು ಮೇಲಕ್ಕೆ, ಕಾಳುಕಡಿ ಕೆಳಕ್ಕೆ. ಕೊರಚರಲ್ಲಿ ಉಪ್ಪಿನ ಹೆಸರಿನದೇ ಒಂದು ಪಂಗಡ ಇದೆ. ಇಂಥ ಜನಕ್ಕೆ ಕಳ್ಳರು ಅನ್ನೋ ಹೆಸರು ಹೇಗೆ ಅಂಟಿತು?

ಉಪ್ಪು ಬರುತ್ತಿದ್ದ ಕರಾವಳಿಯನ್ನೇ ಮೊದಲು ನೋಡೋಣ. ಶರಾವತಿ ಕಡಲು ಸೇರುವ ಹೊನ್ನಾವರದಲ್ಲಿ ತಿಮೋಜ ಎಂಬ ಹಡಗುಪಡೆಯ ನಾಯಕನಿದ್ದ. ಪೋರ್ಚುಗೀಸರು ಅವನನ್ನು ಕಡಲ್ಗಳ್ಳ ಅಂತ ಬರೆದರು. 1505ರಲ್ಲಿ ಹೊನ್ನಾವರದ ಹಡಗುಗಳನ್ನು ಸುಟ್ಟವರೂ ಅವರೇ. ಸುಟ್ಟವನು ವೈಸರಾಯ್, ಸುಡಿಸಿಕೊಂಡವನು ಕಳ್ಳ! 1510ರಲ್ಲಿ ಗೋವಾ ಗೆಲ್ಲಲು ಅದೇ ತಿಮೋಜ ನೆರವಾದ. ಆಗ ಅವನಿಗೇ ಅಲ್ಲಿನ ಕಂದಾಯ ವಸೂಲಿಯ ಅಧಿಕಾರ ಕೊಟ್ಟರು. ಹಡಗು ಉಳ್ಳವನ ಹೆಸರು ಐದೇ ವರ್ಷದಲ್ಲಿ ಬದಲಾಗುತ್ತೆ. ಕತ್ತೆ ಉಳ್ಳವನ ಹೆಸರು?

ಟಿಪ್ಪುವಿನ ಮೇಲೆ 1799ರಲ್ಲಿ ದಂಡೆತ್ತಿ ಬಂದಾಗ ಕಂಪನಿಯ ಸೈನ್ಯಕ್ಕೆ ದವಸ ಹೊತ್ತದ್ದು ಲಂಬಾಣಿಗಳ ಎತ್ತುಗಳು. ಆಗ ಅವರು ಬೇಕಾದವರು. 1805ರಲ್ಲಿ ಅದೇ ಕಂಪನಿ ಮದ್ರಾಸ್ ಪ್ರಾಂತ್ಯದ ಉಪ್ಪನ್ನೆಲ್ಲ ತನ್ನ ಮುಷ್ಟಿಗೆ ತಗೊಂಡಿತು. ಸುಂಕ ಕಟ್ಟದ ಉಪ್ಪು ಹೊರೋದು ಕಳ್ಳಸಾಗಾಣಿಕೆ ಆಯಿತು. ಪಕ್ಕದ ಬಳ್ಳಾರಿ ಸೀಮೆಯಲ್ಲಿ ಉಪ್ಪಾರರು ಸವಳು ಮಣ್ಣಿನಿಂದ ಉಪ್ಪು ತೆಗೆಯೋದನ್ನೂ ಕೊನೆಗೆ ತಡೆದರು. ಆಮೇಲೆ ರೈಲು ಬಂತು. ಉಪ್ಪು ವ್ಯಾಗನ್ನು ಹತ್ತಿ ಸಗಟು ಸಾಹುಕಾರರ ಕೈಗೆ ಹೋಯಿತು. ಹೇರೆತ್ತಿಗೆ ಹೇರು ಇಲ್ಲ, ಹೊತ್ತವರಿಗೆ ಕೂಳಿಲ್ಲ.

ಅನ್ನ ಕಿತ್ತವರೇ ಆಮೇಲೆ ಕಾನೂನು ಬರೆದರು. 1871ರಲ್ಲಿ ಉತ್ತರದಲ್ಲಿ ಶುರುವಾದ ಅಪರಾಧಿ ಬುಡಕಟ್ಟುಗಳ ಕಾಯಿದೆ 1911ರಲ್ಲಿ ಮದ್ರಾಸಿನವರೆಗೂ ಬಂತು. ಒಬ್ಬ ಏನು ಮಾಡಿದ ಅಂತ ಅದು ಕೇಳಲಿಲ್ಲ, ಯಾರ ಹೊಟ್ಟೆಯಲ್ಲಿ ಹುಟ್ಟಿದ ಅಂತ ಕೇಳಿತು. ಪೊಲೀಸರ ಪಟ್ಟಿ, ಹಾಜರಿ, ಊರು ಬಿಡಲು ಚೀಟಿ. ತಿರುಗಾಡಿ ಬದುಕಿದವರಿಗೆ ತಿರುಗಾಟವೇ ಗುನ್ನೆ! ಹುಬ್ಬಳ್ಳಿಯಲ್ಲಿ ಇಂಥವರನ್ನು ಕೂಡಿಹಾಕಿದ ಜಾಗಕ್ಕೆ ಇವತ್ತೂ ಸೆಟ್ಲ್‌ಮೆಂಟ್ ಅಂತಲೇ ಹೆಸರು. ಜಾತಿಯಿಂದ ಮೇಲುಕೀಳು ಎಣಿಸುವ ಈ ನೆಲದಲ್ಲಿ ಹುಟ್ಟುಗಳ್ಳ ಅನ್ನೋ ಮಾತು ಸಲೀಸಾಗಿ ಬೇರು ಬಿಟ್ಟಿತು. ಬಿಳಿಯರ ಪಟ್ಟಿಗೆ ಊರ ಗೌಡರ, ಶಾನುಭೋಗರ ಮಾತೂ ಆಧಾರವಾಯಿತು.

1930ರಲ್ಲಿ ಅಂಕೋಲೆಯ ಕಡಲ ತಡಿಯಲ್ಲಿ ಕಾನೂನು ಮುರಿದು ಉಪ್ಪು ತೆಗೆದವರನ್ನು ನಾಡು ವೀರರೆಂದಿತು. ಸರಿಯೇ. ಆದರೆ ಅದೇ ಉಪ್ಪಿನ ಕಾನೂನಿಗೆ ಸಿಕ್ಕಿ ಬೀದಿಪಾಲಾದ ಕೊರಚರು ಯಾವ ಪಾಠಪುಸ್ತಕದಲ್ಲಿದ್ದಾರೆ?

ಉಪ್ಪಿನ ತೆರಿಗೆ 1947ರಲ್ಲಿ ಹೋಯಿತು. ಅಪರಾಧಿ ಬುಡಕಟ್ಟುಗಳ ಕಾಯಿದೆ 1952ರಲ್ಲಿ ರದ್ದಾಯಿತು. ಆ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯಿದೆಗಳು ಬಂದವು. ಊರಲ್ಲಿ ಕೋಳಿ ಕಳೆದರೆ ಮೊದಲು ಹಟ್ಟಿಯ ಕಡೆ, ತಾಂಡಾದ ಕಡೆ ಕೈ ತೋರಿಸುವ ಚಾಳಿಯನ್ನು ರದ್ದು ಮಾಡುವ ಕಾನೂನು ಇಲ್ಲ.

ಅದು ಆಗಬೇಕಾದ್ದು ಶಾಲೆಯಲ್ಲಿ. ಮೇಷ್ಟರೇ, ದಂಡಿಯಾತ್ರೆ ಹೇಳುವಾಗ ಈ ಹೇರೆತ್ತುಗಳ ದಾರಿಯನ್ನೂ ಹೇಳಿ. ಹಿಂದಿನ ಬೆಂಚಿನ ಕೊರಚರ ಹುಡುಗಿಗೆ ಗೊತ್ತಾಗಲಿ: ಅವಳ ಅಜ್ಜ ಕದ್ದವನಲ್ಲ, ಈ ನಾಡಿಗೆ ಉಪ್ಪು ತಂದವನು. ಉಪ್ಪುಂಡ ನಾಡಿಗೆ ಅಷ್ಟು ಋಣ ಬೇಡವೆ?