ಘನಸ್ಥಿತಿ ಲೇಸರ್

ಹರಳು ಅಥವಾ ಗಾಜಿನಲ್ಲಿ ಬೆರೆಸಿದ ಅಯಾನುಗಳಿಂದ ಬೆಳಕನ್ನು ವರ್ಧಿಸುವ ಲೇಸರ್. ಮೊದಲನೆಯದನ್ನು 1960ರಲ್ಲಿ ಅಮೆರಿಕದ ಥಿಯೊಡೋರ್ ಮೈಮನ್ ಮಾಣಿಕ್ಯದ ಸರಳಿನಿಂದ ರಚಿಸಿದರು. ಅದರ ಕೆಂಪು ಬೆಳಕಿನ ತರಂಗದೂರ 694.3 ನ್ಯಾನೊಮೀಟರ್. 1964ರಲ್ಲಿ ನಿಯೋಡಿಮಿಯಮ್ ಬೆರೆಸಿದ ಯಾಗ್ (ಯಿಟ್ರಿಯಮ್ ಅಲ್ಯೂಮಿನಿಯಮ್ ಗಾರ್ನೆಟ್) ಹರಳಿನ ಲೇಸರ್ (1064 ನ್ಯಾನೊಮೀಟರ್) ಬಂದಿತು.

ಆರಂಭದ ಲೇಸರ್‌ಗಳಲ್ಲಿ ಅಯಾನುಗಳಿಗೆ ಶಕ್ತಿ ಕೊಡುವ ದೀಪದ ಬೆಳಕಿನ ಬಹುಪಾಲು ವ್ಯರ್ಥವಾಗುತ್ತಿತ್ತು. ಬಿಸಿಯೇರಿದ ಸರಳು ಮಸೂರದಂತೆ ವರ್ತಿಸಿ ಕಿರಣವನ್ನು ಕೆಡಿಸುತ್ತಿತ್ತು. ನಿಯೋಡಿಮಿಯಮ್ ಅಯಾನುಗಳು ಹೀರುವ 808 ನ್ಯಾನೊಮೀಟರ್ ಬೆಳಕನ್ನೇ ಸೂಸುವ ಡಯೋಡ್‌ಗಳು ಈ ನಷ್ಟವನ್ನು ತಗ್ಗಿಸಿದವು. ಆದರೂ ನಿಯೋಡಿಮಿಯಮ್‌ನಲ್ಲಿ ಹೀರಿದ ಶಕ್ತಿಯ ಸುಮಾರು ಶೇ. 24 ಭಾಗ ಶಾಖವಾಗುತ್ತದೆ. 940 ನ್ಯಾನೊಮೀಟರ್ ಬೆಳಕನ್ನು ಹೀರಿ 1030 ನ್ಯಾನೊಮೀಟರ್ ಬೆಳಕನ್ನು ಸೂಸುವ ಇಟರ್ಬಿಯಮ್-ಯಾಗ್‌ನಲ್ಲಿ ಇದು ಸುಮಾರು ಶೇ. 9 ಮಾತ್ರ.

1990ರ ದಶಕದಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಅಡಾಲ್ಫ್ ಗೀಸನ್ ಮತ್ತು ಸಂಗಡಿಗರು ಸರಳಿನ ಬದಲು ಇಟರ್ಬಿಯಮ್-ಯಾಗ್ ಹರಳಿನ ತೆಳುಬಿಲ್ಲೆಯನ್ನು ಬಳಸಿದರು. ಶಾಖ ಬಿಲ್ಲೆಯ ಹಿಂಬದಿಯಿಂದಲೇ ಹೊರಹೋಗುವುದರಿಂದ ಸಾಮರ್ಥ್ಯ ಹೆಚ್ಚಿದರೂ ಕಿರಣದ ಗುಣಮಟ್ಟ ಉಳಿಯುತ್ತದೆ.