ಮಣ್ಣಿನ ಬಂಡಿ, ತಕಲಿ, ಥರ್ಮಾಕೋಲ್: ಮಕ್ಕಳ ಕೈಕೆಲಸ ನಡೆದು ಬಂದ ದಾರಿ

ಮೊನ್ನೆ ಅಡಿಕೆ ಸೀಸನ್ನಿನಲ್ಲಿ ಒಂದು ಸಂಜೆ ಅಕ್ಕ ಕೊರಟಗೆರೆ ಬಸ್ ಸ್ಟ್ಯಾಂಡಿನಿಂದ ಫೋನ್ ಮಾಡಿದಳು. "ಲೋ, ಎಲ್ಲಿದೀಯ? ಒಂದಿನ್ನೂರು ರೂಪಾಯಿ ಇದ್ರೆ ತಗೊಂಡು ಸ್ಟೇಷನರಿ ಅಂಗಡಿ ಹತ್ರ ಬಾರೋ" ಅಂದಳು. ಹೋಗಿ ನೋಡಿದರೆ ಕೈಯಲ್ಲಿ ಥರ್ಮಾಕೋಲ್ ಹಾಳೆ, ಫೆವಿಕಾಲ್, ಹುಲ್ಲಿನಂಥ ಹಸಿರು ಪೇಪರು, ಪ್ಲಾಸ್ಟಿಕ್ಕಿನ ಎರಡು ಗುಡಿಸಲು, ಒಂದು ಹಸು. ನಾಲ್ಕನೇ ಕ್ಲಾಸಿನ ಮಗನಿಗೆ ಮರುದಿನವೇ ಪ್ರಾಜೆಕ್ಟ್ ಕೊಡಬೇಕಿತ್ತು. ವಿಷಯ 'ನಮ್ಮ ಹಳ್ಳಿ'. ಬಿಲ್ಲು ಮುನ್ನೂರ ನಲವತ್ತು ರೂಪಾಯಿ. ಅಡಿಕೆ ಸುಲಿಯುವ ಕೆಲಸ ಅರ್ಧಕ್ಕೆ ಬಿಟ್ಟು ಬಂದಿದ್ದಳು. ಸುಲಿದಷ್ಟಕ್ಕೇ ಕೂಲಿ, ಹಾಗಾಗಿ ಆ ಅರ್ಧ ದಿನದ ದುಡ್ಡೂ ಹೋಯಿತು.

ರಾತ್ರಿ ಹನ್ನೊಂದರವರೆಗೆ ಕೂತು ಅವಳೇ ಅಂಟಿಸಿದಳು. ಮಗ ಒಂಬತ್ತಕ್ಕೇ ಮಲಗಿಬಿಟ್ಟಿದ್ದ. ಹಳ್ಳಿಯಲ್ಲೇ ಹುಟ್ಟಿ ಹಳ್ಳಿಯಲ್ಲೇ ಬೆಳೆಯುತ್ತಿರುವ ಹುಡುಗನ 'ನಮ್ಮ ಹಳ್ಳಿ'ಯನ್ನು ಪೇಟೆಯಿಂದ ಕೊಂಡು ತರಬೇಕಾಯಿತು. ಇನ್ನೂ ಒಂದು ಮಾತಿದೆ. ಅಲಂಕಾರಕ್ಕೆ ಬಳಸುವ ಥರ್ಮಾಕೋಲನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಿದ್ದಾರೆ. ಆ ನಿಷೇಧದ ಸುದ್ದಿಯನ್ನು ಅವತ್ತು ನಾನೇ ಬರೆದು ಕಳಿಸಿದ್ದೆ.

ಅವತ್ತಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತಿದೆ. ಮಕ್ಕಳ ಕೈಕೆಲಸ ಎಂದರೆ ಖರ್ಚಿಲ್ಲದ್ದು, ಸುಲಭದ್ದು, ಮನೆಯಲ್ಲೇ ಆಗುವಂಥದ್ದು ಅಂತ ನಾವೆಲ್ಲ ತಿಳಿದಿದ್ದೆವು. ಅದು ಅಮ್ಮಂದಿರ ಕೂಲಿ ತಿನ್ನುವ ಕೆಲಸ ಆಗಿದ್ದು ಹೇಗೆ? ಇದಕ್ಕೆ ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮಣ್ಣಿನ ಬಂಡಿ

ಎಷ್ಟು ಹಿಂದಕ್ಕೆ ಅಂದರೆ ಸುಮಾರು ನಾಲ್ಕೂವರೆ ಸಾವಿರ ವರ್ಷ. ಹರಪ್ಪ, ಮೊಹೆಂಜೊದಾರೊ ಅಗೆದಾಗ ಸುಟ್ಟ ಮಣ್ಣಿನ ಪುಟ್ಟ ಗಾಡಿಗಳು, ಗಾಲಿಗಳು, ಎತ್ತುಗಳು ಸಿಕ್ಕವು. ದಾರ ಎಳೆದರೆ ತಲೆ ಆಡಿಸುವ ಎತ್ತಿನ ಗೊಂಬೆಗಳೂ ಇದ್ದವು. ರಾಜರ ಹೆಸರುಗಳೇ ಸರಿಯಾಗಿ ಗೊತ್ತಿಲ್ಲದ ಆ ಊರುಗಳ ಮಕ್ಕಳು ಏನು ಆಡುತ್ತಿದ್ದರು ಎಂಬುದು ಮಾತ್ರ ಗೊತ್ತಾಗಿದೆ.

ಮಣ್ಣಿನ ಬಂಡಿಯ ಹೆಸರನ್ನೇ ಇಟ್ಟುಕೊಂಡ ಸಂಸ್ಕೃತ ನಾಟಕವೂ ಒಂದಿದೆ, ಶೂದ್ರಕನ 'ಮೃಚ್ಛಕಟಿಕ'. ಗಿರೀಶ ಕಾರ್ನಾಡರು ಇದನ್ನು ಆಧರಿಸಿ 1984ರಲ್ಲಿ 'ಉತ್ಸವ್' ಸಿನಿಮಾ ಮಾಡಿದರು. ನಾಟಕದ ಚಾರುದತ್ತ ಬಡವನಾದ ವ್ಯಾಪಾರಿ. ಅವನ ಮಗ ಪಕ್ಕದ ಮನೆಯ ಹುಡುಗನ ಚಿನ್ನದ ಬಂಡಿಯಲ್ಲಿ ಆಡಿರುತ್ತಾನೆ. ಮನೆಯ ದಾಸಿ ಮಣ್ಣಿನಲ್ಲಿ ಒಂದು ಬಂಡಿ ಮಾಡಿಕೊಟ್ಟರೆ, ನನಗೆ ಚಿನ್ನದ್ದೇ ಬೇಕು ಅಂತ ಅಳುತ್ತಾನೆ. ನೋಡಲಾರದೆ ವಸಂತಸೇನೆ ತನ್ನ ಒಡವೆಗಳನ್ನೇ ಬಿಚ್ಚಿ ಆ ಮಣ್ಣಿನ ಬಂಡಿಗೆ ತುಂಬುತ್ತಾಳೆ. ಮುಂದೆ ಅದೇ ಒಡವೆಗಳು ನ್ಯಾಯಸ್ಥಾನದಲ್ಲಿ ಚಾರುದತ್ತನ ವಿರುದ್ಧದ ಸಾಕ್ಷಿ ಆಗುತ್ತವೆ.

ಪಕ್ಕದ ಮನೆಯ ಮಗುವಿನ ಹತ್ತಿರ ಇರುವುದು ನಮ್ಮ ಮಗುವಿಗೂ ಬೇಕು ಅನ್ನುವ ಸಂಕಟ ಹಾಗಾದರೆ ಇವತ್ತಿನದಲ್ಲ. ನಮ್ಮ ಜಿ.ಪಿ. ರಾಜರತ್ನಂ ಅವರ 'ತುತ್ತೂರಿ' ಪದ್ಯ ನೆನೆಸಿಕೊಳ್ಳಿ. ಅಲ್ಲಿನ ತುತ್ತೂರಿಯೂ ದುಡ್ಡು ಕೊಟ್ಟು ತಂದಿದ್ದೇ. ಅದು ನೀರಿಗೆ ಬಿದ್ದು ದನಿ ಕಳೆದುಕೊಂಡ ಮೇಲೆ ಹುಡುಗನ ಜಂಬವೂ ಇಳಿಯಿತು. ತಾನೇ ಮಾಡಿಕೊಂಡ ತೆಂಗಿನ ಗರಿಯ ಪೀಪಿ ಆಗಿದ್ದರೆ ಇನ್ನೊಂದು ಗರಿ ಕಿತ್ತುಕೊಳ್ಳುತ್ತಿದ್ದ.

ಶಾಲೆಗೆ ಬಂದ ಕೈಕೆಲಸ

ಆಟವಾಗಿದ್ದ ಕೈಕೆಲಸವನ್ನು ಪಾಠ ಮಾಡಿದವರಲ್ಲಿ ದೊಡ್ಡ ಹೆಸರು ಜರ್ಮನಿಯ ಫ್ರೋಬೆಲ್ ಅವರದು. 1837ರಲ್ಲಿ ಚಿಕ್ಕ ಮಕ್ಕಳಿಗಾಗಿ ಶಾಲೆ ತೆರೆದು, ಮೂರು ವರ್ಷದ ನಂತರ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟರು. ಕಾಗದ ಮಡಿಸುವುದು, ಹೆಣೆಯುವುದು, ಮಣ್ಣು ಕಲಸುವುದು ಎಲ್ಲವೂ ಅಲ್ಲಿ ಪಾಠವೇ. ನೆನೆಸಿದ ಬಟಾಣಿಗೆ ಚೂಪಾದ ಕಡ್ಡಿ ಚುಚ್ಚಿ ಮನೆ, ಗೋಪುರ ಕಟ್ಟಿಸುತ್ತಿದ್ದರು. ಅಮೆರಿಕದ ಬಕ್‌ಮಿನ್‌ಸ್ಟರ್ ಫುಲ್ಲರ್ ಎಂಬ ವಿನ್ಯಾಸಕಾರನಿಗೆ ಚಿಕ್ಕಂದಿನಲ್ಲಿ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಕಿಂಡರ್‌ಗಾರ್ಟನ್‌ನಲ್ಲಿ ಬಟಾಣಿ ಮತ್ತು ಕಡ್ಡಿಯನ್ನು ಕೈಯಲ್ಲೇ ತಡವುತ್ತಾ, ತ್ರಿಕೋನ ಅಲ್ಲಾಡುವುದಿಲ್ಲ ಎಂದು ಕಂಡುಕೊಂಡೆ ಅಂತ ಆತ ಹೇಳಿಕೊಂಡಿದ್ದಾನೆ. ದೊಡ್ಡವನಾದ ಮೇಲೆ ತ್ರಿಕೋನಗಳನ್ನು ಜೋಡಿಸಿ ಕಟ್ಟುವ ಗುಮ್ಮಟಗಳಿಗೆ ಹೆಸರಾದ.

ನಮ್ಮ ದೇಶದಲ್ಲಿ ಈ ಮಾತು ಬೇರೆ ದಾರಿಯಲ್ಲಿ ಬಂತು. 1937ರ ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ಗಾಂಧೀಜಿ ಶಿಕ್ಷಣ ಸಮ್ಮೇಳನ ಕರೆದರು. ಏಳು ವರ್ಷದ ಉಚಿತ, ಕಡ್ಡಾಯ ಶಿಕ್ಷಣ ಇರಬೇಕು, ಅದು ತಾಯ್ನುಡಿಯಲ್ಲಿ ನಡೆಯಬೇಕು, ಒಂದು ಕೈಕಸುಬಿನ ಸುತ್ತ ಎಲ್ಲ ಪಾಠಗಳನ್ನೂ ಹೆಣೆಯಬೇಕು ಎಂಬುದು ಅಲ್ಲಿನ ತೀರ್ಮಾನ. ಇದರ ವಿವರ ಬರೆದದ್ದು ಮುಂದೆ ರಾಷ್ಟ್ರಪತಿಯಾದ ಜಾಕಿರ್ ಹುಸೇನ್ ಅವರ ಸಮಿತಿ. ತಕಲಿಯಲ್ಲಿ ನೂಲು ತೆಗೆಯುವಾಗಲೇ ಎಣಿಕೆ, ಹತ್ತಿ ಬೆಳೆಯುವ ನೆಲ, ಬಟ್ಟೆಯ ಚರಿತ್ರೆ ಕಲಿಸಬಹುದು ಅಂದರು. ಓದಿದವರು ಕೈ ಕೆಸರು ಮಾಡಿಕೊಳ್ಳುವುದಿಲ್ಲ, ಕೈ ಕೆಸರಾದವರಿಗೆ ಓದು ಸಿಗುವುದಿಲ್ಲ ಎಂಬ ನಮ್ಮ ಸಮಾಜದ ಗೋಡೆಯನ್ನು ಶಾಲೆಯಲ್ಲೇ ಒಡೆಯುವ ಆಸೆ ಅದರಲ್ಲಿತ್ತು.

ಆದರೆ ಒಂದು ತೊಡಕಿತ್ತು. ಮಕ್ಕಳು ಮಾಡಿದ ವಸ್ತು ಮಾರಿ ಮೇಷ್ಟ್ರ ಸಂಬಳ ಹುಟ್ಟಿಸಬೇಕು ಎಂಬ ಲೆಕ್ಕವೂ ಯೋಜನೆಯಲ್ಲಿತ್ತು. ಸಮ್ಮೇಳನದಲ್ಲೇ ಅರ್ಥಶಾಸ್ತ್ರಜ್ಞ ಕೆ.ಟಿ. ಶಾ ಇದನ್ನು ವಿರೋಧಿಸಿದರು. ಮಕ್ಕಳ ದುಡಿಮೆಯ ಮೇಲೆ ಶಾಲೆ ನಡೆಸುವುದು ಸರಿಯೇ, ಹೊಟ್ಟೆಪಾಡಿಗೆ ಕಸುಬು ಮಾಡುವವರಿಗೆ ಶಾಲೆಯೇ ಪೈಪೋಟಿ ಆಗುವುದಿಲ್ಲವೇ ಎಂಬುದು ಪ್ರಶ್ನೆ. ಅಕ್ಕನ ಬಿಲ್ಲು ನೋಡುವಾಗ ನನಗೆ ಇದು ನೆನಪಾಯಿತು. ಅವತ್ತಿನ ಚರ್ಚೆ ಮಗುವಿನ ಕೈಯಿಂದ ಶಾಲೆಗೆ ದುಡ್ಡು ಬರಬೇಕೇ ಅಂತ. ಇವತ್ತು ಮಗುವಿನ ಹೆಸರಿನಲ್ಲಿ ದುಡ್ಡು ಅಂಗಡಿಗೆ ಹೋಗುತ್ತಿದೆ.

ಯಾರ ಮಗು ಯಾವ ಕೆಲಸ?

ಇದಕ್ಕಿಂತ ದೊಡ್ಡ ಪ್ರಶ್ನೆ ಎದ್ದದ್ದು ಪಕ್ಕದ ಮದ್ರಾಸ್ ರಾಜ್ಯದಲ್ಲಿ, 1953ರಲ್ಲಿ. ಮುಖ್ಯಮಂತ್ರಿ ರಾಜಾಜಿ ಪ್ರಾಥಮಿಕ ಶಾಲೆಯ ಪಾಠದ ಹೊತ್ತು ಕಡಿಮೆ ಮಾಡಿ, ಉಳಿದ ಹೊತ್ತು ಮಕ್ಕಳು ಮನೆಯವರ ಕಸುಬು ಕಲಿಯಲಿ ಅಂದರು. ಹಾಗಾದರೆ ಕುಂಬಾರರ ಮಗ ಕುಂಬಾರನೇ, ಚಮ್ಮಾರರ ಮಗ ಚಮ್ಮಾರನೇ ಆಗಬೇಕೇ ಅಂತ ಪೆರಿಯಾರ್ ಮತ್ತು ದ್ರಾವಿಡ ಚಳವಳಿಯವರು ಬೀದಿಗಿಳಿದರು. ಅದಕ್ಕೆ ಕುಲಕಸುಬಿನ ಶಿಕ್ಷಣ ಎಂದೇ ಹೆಸರು ಬಿತ್ತು. 1954ರಲ್ಲಿ ರಾಜಾಜಿ ಅಧಿಕಾರ ಬಿಟ್ಟರು, ನಂತರ ಬಂದ ಕಾಮರಾಜ್ ಯೋಜನೆಯನ್ನು ಕೈಬಿಟ್ಟರು.

ಕೈಕೆಲಸವನ್ನು ಹೊಗಳುವವರೆಲ್ಲ ಈ ಘಟನೆಯನ್ನು ಮರೆಯಬಾರದು. ಎಲ್ಲ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂತು ಮಣ್ಣು ಕಲಸುವುದು ಬೇರೆ, ಹುಟ್ಟು ನೋಡಿ ಮಣ್ಣು ಕೊಡುವುದು ಬೇರೆ. ನಾನು ಓದಿದ ಶಾಲೆಯಲ್ಲೂ ಕಾರ್ಯಾನುಭವದ ಪಿರಿಯಡ್ ಇತ್ತು. ಅವತ್ತು ಕೆಲವು ಹುಡುಗರು ಗಿಡಕ್ಕೆ ನೀರು ಹಾಕುತ್ತಿದ್ದರು, ಕೆಲವರು ಕಸ ಗುಡಿಸುತ್ತಿದ್ದರು. ಗುಡಿಸುವವರು ಯಾವಾಗಲೂ ಅದೇ ಕೇರಿಯವರು ಎಂಬುದು ಆಗ ನನಗೆ ಹೊಳೆಯಲಿಲ್ಲ. ಈಗ ಹೊಳೆಯುತ್ತದೆ, ನಾಚಿಕೆಯೂ ಆಗುತ್ತದೆ.

ಆ ಪಿರಿಯಡ್ಡಿಗೂ ಚರಿತ್ರೆ ಇದೆ. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಕಾರ್ಯಾನುಭವ ಬೇಕು ಅಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಅದನ್ನೇ ತಿದ್ದಿ 'ಸಮಾಜೋಪಯೋಗಿ ಉತ್ಪಾದಕ ಕೆಲಸ' ಎಂದಿತು. ಇಂಗ್ಲಿಷಿನಲ್ಲಿ ಎಸ್‌ಯುಪಿಡಬ್ಲ್ಯು. ಹಾಗೆಂದರೆ ಹಾಳಾಗಿ ಹೋದ ಕೆಲವು ಒಳ್ಳೇ ಪಿರಿಯಡ್ಡುಗಳು ಅಂತ ದೇಶದ ತುಂಬ ಮಕ್ಕಳು ತಮಾಷೆ ಮಾಡುತ್ತಿದ್ದರು.

ಬೆಂಕಿಕಡ್ಡಿ ಮತ್ತು ವಾಲ್ ಟ್ಯೂಬ್

ಅದೇ ಹೊತ್ತಿನಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ ಒಂದು ಒಳ್ಳೆಯ ಕೆಲಸ ನಡೆದಿತ್ತು. 1972ರಲ್ಲಿ 16 ಹಳ್ಳಿ ಶಾಲೆಗಳಲ್ಲಿ, ಮಕ್ಕಳು ಮಾಡಿ ಕಲಿಯುವ ವಿಜ್ಞಾನ ಕಾರ್ಯಕ್ರಮ ಶುರುವಾಯಿತು. ಕಾನ್ಪುರ ಐಐಟಿಯಲ್ಲಿ ಓದಿದ್ದ ಅರವಿಂದ ಗುಪ್ತಾ 1978ರಲ್ಲಿ ಅಲ್ಲಿಗೆ ಬಂದರು. ಸಂತೆಯಲ್ಲಿ ಸಿಗುವ ಸೈಕಲ್ಲಿನ ವಾಲ್ ಟ್ಯೂಬನ್ನು ತುಂಡು ಮಾಡಿ ಬೆಂಕಿಕಡ್ಡಿಗಳನ್ನು ಜೋಡಿಸಿದರು. ನಾಲ್ಕು ಕಡ್ಡಿಯ ಚೌಕ ಒತ್ತಿದರೆ ವಾಲುತ್ತದೆ. ಮೂರು ಕಡ್ಡಿಯ ತ್ರಿಕೋನ ಜಪ್ಪಯ್ಯ ಅಂದರೂ ವಾಲುವುದಿಲ್ಲ. ಮನೆಯ ಸೂರಿನ ತೊಲೆ, ಕರೆಂಟಿನ ಟವರ್ ಎಲ್ಲ ಯಾಕೆ ತ್ರಿಕೋನ ತ್ರಿಕೋನವಾಗಿ ಇರುತ್ತವೆ ಅಂತ ಮಗುವಿಗೆ ಬಾಯಲ್ಲಿ ಹೇಳಬೇಕಿಲ್ಲ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಫ್ರೋಬೆಲ್ ಅವರ ಬಟಾಣಿ, ಗುಪ್ತಾ ಅವರ ವಾಲ್ ಟ್ಯೂಬ್ ಬಗ್ಗೆ ಓದಿದಾಗ ನನಗೆ ಥಟ್ಟನೆ ನೆನಪಾಗಿದ್ದು ನಮ್ಮ ಹೊಲದ ಜೋಳದ ದಂಟು. ಒಣಗಿದ ದಂಟಿನ ಸಿಪ್ಪೆ ಸುಲಿದರೆ ಒಳಗೆ ಬೆಂಡು. ಸುಲಿದ ಸಿಪ್ಪೆಯನ್ನೇ ಸೀಳಿದರೆ ಸಿಬರು. ಬೆಂಡಿಗೆ ಸಿಬರು ಚುಚ್ಚಿದರೆ ಗಾಡಿ, ಕನ್ನಡಕ, ಮಂಚ ಏನು ಬೇಕಾದರೂ ಆಗುತ್ತದೆ. ಜರ್ಮನಿಯ ಪಾಠವನ್ನು ನಮ್ಮ ದನ ಕಾಯುವ ಹುಡುಗರು ಬದುವಿನ ಮೇಲೆ ಕೂತು ಮಾಡುತ್ತಿದ್ದರು. ಅದನ್ನು ಯಾರೂ ಪಾಠ ಅಂತ ಕರೆಯಲಿಲ್ಲ, ಅಷ್ಟೇ.

ನಮ್ಮ ಶೈಕ್ಷಣಿಕ ಜಿಲ್ಲೆಯಲ್ಲಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿ ಶಾಲೆ ಸುದ್ದಿಗಾಗಿ ಓಡಾಡುವ ನನ್ನಂಥವರಿಗೆ ಕೈಕೆಲಸ ಕಾಣುವುದು ಪ್ರತಿಭಾ ಕಾರಂಜಿಯ ದಿನ. ಕ್ಲೇ ಮಾಡೆಲಿಂಗ್ ಸ್ಪರ್ಧೆಯಲ್ಲಿ ಮಕ್ಕಳು ಒಂದೆರಡು ಗಂಟೆಯಲ್ಲಿ ಮಣ್ಣಿಗೆ ಜೀವ ಕೊಡುತ್ತಾರೆ. ನಾವು ಫೋಟೊ ಕಳಿಸುತ್ತೇವೆ, ಗೆದ್ದವರ ಹೆಸರು ಬರುತ್ತದೆ. ಉಳಿದ ಮಕ್ಕಳ ಕೈಗೆ ಮಣ್ಣು ಮತ್ತೆ ಸಿಗುವುದು ಯಾವಾಗ ಅಂತ ನಾವ್ಯಾರೂ ಕೇಳಿಲ್ಲ.

ಒಳ್ಳೆಯ ಪ್ರಯತ್ನಗಳು ಇಲ್ಲವೆಂದಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಇಡೀ ರಾಜ್ಯದ ಸರ್ಕಾರಿ ಶಾಲೆಗಳಿಗೆ ಬಂತು. ಕಾರ್ಡು, ಕಡ್ಡಿ, ಬೀಜ ಇಟ್ಟುಕೊಂಡು ನೆಲದ ಮೇಲೆ ಕೂತು ಕಲಿಯುವುದನ್ನು ತಂದಿತು. ಬ್ಯಾಗಿಲ್ಲದ ಸಂಭ್ರಮ ಶನಿವಾರ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಆರರಿಂದ ಎಂಟನೇ ತರಗತಿಯವರು ಹತ್ತು ದಿನ ಬ್ಯಾಗಿಲ್ಲದೆ ಬಡಗಿ, ಕುಂಬಾರರಂಥ ಊರಿನ ಕಸುಬುದಾರರ ಬಳಿ ಕಲಿಯಲಿ ಎಂಬ ಮಾತಿದೆ. ಆದರೆ ಪ್ರಾಜೆಕ್ಟಿಗೆ ಮಾರ್ಕ್ಸ್ ಬಂದ ಮೇಲೆ, ನೋಡಲು ನೀಟಾಗಿರಬೇಕು ಎಂಬ ಒತ್ತಾಯವೂ ಬಂತು. ಮಗು ಮಾಡಿದ್ದು ನೀಟಾಗಿರುವುದಿಲ್ಲ. ಹಾಗಾಗಿ ಅಮ್ಮ ಮಾಡುತ್ತಾಳೆ, ಇಲ್ಲವೇ ಅಂಗಡಿ ಮಾಡುತ್ತದೆ.

ಮನೆಯಲ್ಲಿ ಮಾಡಬಹುದಾದ ಮೂರು

ಒಂದು, ತೆಂಗಿನ ಗರಿಯ ಗಿರಿಗಿಟ್ಲೆ. ಹಸಿ ಗರಿಯ ಎರಡು ಪಟ್ಟಿಗಳನ್ನು ಅಡ್ಡಡ್ಡ ಹೆಣೆದು ನಾಲ್ಕು ರೆಕ್ಕೆ ಮಾಡಿ. ನಡುವೆ ಬಳ್ಳಾರಿ ಜಾಲಿ ಮುಳ್ಳು ಚುಚ್ಚಿ ಕಡ್ಡಿಗೆ ಸಿಗಿಸಿ. ಗಾಳಿಗೆ ಎದುರಾಗಿ ಓಡಿದರೆ ತಿರುಗುತ್ತದೆ. ಮುಳ್ಳು ಚುಚ್ಚುವಾಗ ದೊಡ್ಡವರು ಪಕ್ಕದಲ್ಲಿರಿ.

ಎರಡು, ಗಾಳಿಪಟ. ನಮ್ಮ ಕಡೆ ಆಷಾಢದ ಗಾಳಿ ಇದಕ್ಕೆ ಹೇಳಿ ಮಾಡಿಸಿದ್ದು. ಪಕ್ಕದ ದೊಡ್ಡಬಳ್ಳಾಪುರದಲ್ಲಿ ಆಷಾಢಕ್ಕೆ ಗಾಳಿಪಟದ ಸ್ಪರ್ಧೆಯೇ ನಡೆಯುತ್ತದೆ. ಹಳೇ ಪೇಪರು, ಎರಡು ಪೊರಕೆ ಕಡ್ಡಿ, ಅಂಟಿಗೆ ಅನ್ನದ ಅಗುಳು, ಬಾಲಂಗೋಚಿಗೆ ಹಳೇ ಸೀರೆಯ ಚೂರು ಸಾಕು. ಪಟ ಗಿರಕಿ ಹೊಡೆದರೆ ಬಾಲಂಗೋಚಿ ಉದ್ದ ಮಾಡಿ, ಮೇಲೇಳದಿದ್ದರೆ ಕಡಿಮೆ ಮಾಡಿ. ಕರೆಂಟ್ ಲೈನಿನಿಂದ ದೂರ ಹಾರಿಸಿ.

ಮೂರು, ದಂಟಿನ ಬಂಡಿ. ಮುಸುಕಿನ ಜೋಳದ ದಂಟಾದರೂ ನಡೆಯುತ್ತದೆ. ಸಿಪ್ಪೆಯ ಅಂಚು ಬ್ಲೇಡಿನಂತೆ ಕುಯ್ಯುತ್ತದೆ, ಅದನ್ನು ಮಾತ್ರ ನೀವು ಸುಲಿದು ಕೊಡಿ. ಉಳಿದದ್ದಕ್ಕೆ ಕೈ ಹಾಕಬೇಡಿ. ಸೊಟ್ಟ ಆದರೆ ಸೊಟ್ಟ ಇರಲಿ.

ಸಂಕ್ರಾಂತಿ ರಜೆಗೆ ಅಕ್ಕನ ಮಗ ನಮ್ಮ ಮನೆಗೆ ಬಂದಿದ್ದ. ನಮ್ಮಪ್ಪ ದಂಟು ಸುಲಿದು ಕೊಟ್ಟು ಸುಮ್ಮನೆ ಕೂತರು. ಹುಡುಗ ಚೌಕಾಕಾರದ ಚೌಕಟ್ಟು ಮಾಡಿದ, ಎಳೆದ ಕೂಡಲೇ ವಾಲಿತು. "ತಾತ, ಇದು ನಿಲ್ತಾ ಇಲ್ಲ" ಅಂದ. "ನೀನೇ ನೋಡಪ್ಪ, ಎಲ್ಲಿ ಅಲ್ಲಾಡ್ತೈತೆ ಅಂತ" ಅಂದರು. ಬಹಳ ಹೊತ್ತು ತಿಣುಕಾಡಿದ ಮೇಲೆ ಮೂಲೆಯಿಂದ ಮೂಲೆಗೆ ಒಂದು ಸಿಬರು ಚುಚ್ಚಿದ. ನಿಂತಿತು. ತ್ರಿಕೋನದ ಹೆಸರನ್ನು ತಾತನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಾಲ್ಕನೇ ದಿನ ಬಂಡಿಯ ಒಂದು ಗಾಲಿಯನ್ನು ಮೇಕೆ ತಿಂದಿತು. ಅವನು ಅಳಲಿಲ್ಲ. ಕಣದ ಮೂಲೆಗೆ ಹೋಗಿ ಇನ್ನೊಂದು ದಂಟು ಎಳೆದುಕೊಂಡು ಬಂದ.