ಹಳಿಯ ಬಳಿ ಇಳಿದು ನೋಡಿ

ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಾಯಿಸದ ಕಲಬುರಗಿ ಸೀಮೆಯವರು ವಿರಳ. ಮುಂಬಯಿ ಕಡೆಯಿಂದ ಬಂದ ಜಿ.ಐ.ಪಿ. ರೈಲುದಾರಿ ಶಹಾಬಾದ್, ವಾಡಿಗಳನ್ನು ಹಾದು 1871ರಲ್ಲಿ ರಾಯಚೂರನ್ನು ಮುಟ್ಟಿತು. ಮೂರು ವರ್ಷ ಕಳೆದು, 1874ರಲ್ಲಿ, ನಿಜಾಮರ ರೈಲು ವಾಡಿಯಿಂದ ಕವಲೊಡೆದು ಚಿತ್ತಾಪುರ, ಸೇಡಂ ಮಾರ್ಗವಾಗಿ ಸಿಕಂದರಾಬಾದಿಗೆ ನಡೆಯಿತು. ಚಿಂಚೋಳಿಗೆ ಮಾತ್ರ ಹಳಿ ಬರಲಿಲ್ಲ. ಅಲ್ಲಿಯವರು ರೈಲು ಹತ್ತಬೇಕಾದರೆ ಸೇಡಮ್ಮಿಗೋ ತಾಂಡೂರಿಗೋ ರಸ್ತೆಯ ಮೇಲೆಯೇ ಬರಬೇಕು.

ಹಳಿಗಿಂತ ಮೊದಲೇ ಹೊಲಗಳ ನಡುವೆ ಬಂಡಿಜಾಡುಗಳಿದ್ದುವು. ಅವು ಹಳಿಯನ್ನು ದಾಟುವ ಸ್ಥಳಗಳ ವಿಷಯದಲ್ಲಿ 1890ರ ರೈಲ್ವೆ ಕಾಯಿದೆ ಒಂದು ಏರ್ಪಾಡು ಮಾಡಿತು: ಸರ್ಕಾರ ಬಯಸಿದಲ್ಲಿ ಗೇಟು, ಸರಪಳಿ, ಅವನ್ನು ತೆರೆದು ಮುಚ್ಚುವ ಆಳು ಇವನ್ನು ರೈಲ್ವೆಯವರು ಒದಗಿಸಬೇಕು. ಎಲ್ಲ ಕಡೆಯೂ ಕಾವಲಿರಬೇಕೆಂದು ಅದು ಹೇಳಲಿಲ್ಲ. ಕಾವಲಿಲ್ಲದ ಕಡೆ ದಾಟುವವನ ಕಣ್ಣು ಕಿವಿಗಳೇ ಕಾವಲು.

ಎತ್ತಿನ ಬಂಡಿಯ ಕಾಲಕ್ಕೆ ಇದು ಹೇಗೋ ಸಾಗಿತು. ಬಂಡಿಯವನು ಬಯಲಿಗೆ ಮೈಯೊಡ್ಡಿ ಕುಳಿತಿರುತ್ತಿದ್ದ. ದೂರದ ಸಿಳ್ಳು ಅವನ ಕಿವಿಗೆ ಬೀಳುತ್ತಿತ್ತು. ಮೋಟಾರು ಬಂದಿತು, ವೇಗವನ್ನು ಕೊಟ್ಟು ಕಿವಿಯನ್ನು ಕಸಿದುಕೊಂಡಿತು. ಇಂದು ಜೀಪಿನಲ್ಲಾಗಲಿ ಟಂಟಂನಲ್ಲಾಗಲಿ ಎಂಜಿನ್ನಿನ ಸದ್ದು, ಹಾಡಿನ ಅಬ್ಬರ, ಒತ್ತೊತ್ತಾಗಿ ಕುಳಿತ ಜನರ ಮಾತು. ಇಷ್ಟರ ನಡುವೆ ಸಿಳ್ಳು ಕೇಳುವುದೆಂತು?

ತುಸು ಲೆಕ್ಕ ಹಾಕಿ ನೋಡೋಣ. ಸಿಳ್ಳು ಹಾಕಬೇಕೆಂದು ಸೂಚಿಸುವ ಫಲಕ ಗೇಟಿಗೆ 600 ಮೀಟರು ದೂರದಲ್ಲಿರುತ್ತದೆ. ಗಂಟೆಗೆ 100 ಕಿಲೋಮೀಟರು ಓಡುವ ರೈಲು ಒಂದು ಸೆಕೆಂಡಿಗೆ ಸುಮಾರು 28 ಮೀಟರು ಸಾಗುತ್ತದೆ. ಎಂದರೆ ಸಿಳ್ಳಿಗೂ ರೈಲಿಗೂ ನಡುವೆ ಸುಮಾರು 21 ಸೆಕೆಂಡು. ಚಾಲಕನು ವಾಹನವನ್ನು ಕಂಡು ಬ್ರೇಕು ಹಾಕಿದರೂ ರೈಲು ನೂರಾರು ಮೀಟರು ಮುಂದೆ ಹೋಗಿಯೇ ನಿಲ್ಲುವುದು. ಇತ್ತ ಸಣ್ಣ ವಾಹನದ ಪಕ್ಕಕ್ಕೆ ಇರುವುದು ತೆಳ್ಳನೆಯ ತಗಡು. ಟಂಟಂಗೆ ಅದೂ ಇಲ್ಲ. ಪೆಟ್ಟು ಪಕ್ಕದಿಂದಲೇ ಬರುವುದರಿಂದ ತಲೆ, ಎದೆ, ಸೊಂಟದ ಎಲುಬುಗಳಿಗೆ ನೇರ ಆಘಾತ. ಹೊರಕ್ಕೆ ಎಸೆಯಲ್ಪಟ್ಟವರ ಬೆನ್ನುಹುರಿಗೆ ಅಪಾಯ. ಬದುಕಿದವರೂ ಎಷ್ಟೋ ವೇಳೆ ಜೀವಮಾನವೆಲ್ಲ ಆ ಒಂದು ಕ್ಷಣವನ್ನು ಮೈಯಲ್ಲಿ ಹೊತ್ತು ನಡೆಯಬೇಕು.

ಇದಕ್ಕೆಂದೇ 1988ರ ಮೋಟಾರು ವಾಹನ ಕಾಯಿದೆಯ 131ನೆಯ ವಿಧಿ ಸರಳವಾದ ಮಾತೊಂದನ್ನು ಹೇಳಿತು. ಕಾವಲಿಲ್ಲದ ಗೇಟಿನಲ್ಲಿ ವಾಹನ ನಿಲ್ಲಬೇಕು. ಕಂಡಕ್ಟರನೋ ಕ್ಲೀನರನೋ ಇಳಿದು, ಹಳಿಯವರೆಗೆ ನಡೆದು, ಎರಡೂ ಕಡೆ ನೋಡಿ, ತಾನು ಮುಂದಾಗಿ ವಾಹನವನ್ನು ದಾಟಿಸಬೇಕು. ಯಾರೂ ಇಲ್ಲದಿದ್ದರೆ ಚಾಲಕನೇ ಇಳಿಯಬೇಕು. ಮೋಟಾರು ಕಸಿದುಕೊಂಡ ಕಿವಿಯನ್ನು ಮರಳಿ ಕೊಡುವ ಉಪಾಯವಿದು.

ಪಾಲಿಸದಿದ್ದರೆ ನೋಯುವವರು ಯಾರು? ಒಳಗೆ ಕುಳಿತ ನಿರಪರಾಧಿಗಳು. 1979ರಲ್ಲಿ ಕೇರಳದ ಕಾವಲಿಲ್ಲದ ಗೇಟೊಂದರಲ್ಲಿ ನಡೆದ ಅಪಘಾತದ ಮೊಕದ್ದಮೆಯಲ್ಲಿ, ಚಾಲಕನ ತಪ್ಪನ್ನು ಪ್ರಯಾಣಿಕರ ತಲೆಗೆ ಕಟ್ಟಲಾಗದೆಂದು ಸುಪ್ರೀಂ ಕೋರ್ಟು 1997ರಲ್ಲಿ ತೀರ್ಪಿತ್ತಿತು. ನಮ್ಮ ನೆರೆಯ ತೆಲಂಗಾಣದಲ್ಲಿ, ಒಂದು ಕಾಲಕ್ಕೆ ನಿಜಾಮರದೇ ಆಗಿದ್ದ ಇನ್ನೊಂದು ರೈಲುದಾರಿಯ ಮೇಲೆ, 2014ರ ಜುಲೈ 24ರಂದು ಮಾಸಾಯಿಪೇಟೆಯ ಬಳಿ ಶಾಲೆಯ ಬಸ್ಸಿಗೆ ರೈಲು ಬಡಿದು ಹತ್ತಕ್ಕೂ ಹೆಚ್ಚು ಮಕ್ಕಳು ಮಡಿದರು. 2018ರ ಏಪ್ರಿಲಿನಲ್ಲಿ ಉತ್ತರ ಪ್ರದೇಶದ ಕುಶೀನಗರದಲ್ಲಿ ವ್ಯಾನಿನಲ್ಲಿದ್ದ 13 ಮಕ್ಕಳಿಗೆ ಅದೇ ಗತಿಯಾಯಿತು.

ಆ ಬಳಿಕ ಕೆಲಸ ಚುರುಕಾಗಿ ನಡೆಯಿತು. ಕೆಲವು ಗೇಟುಗಳನ್ನು ಮುಚ್ಚಿದರು, ಕೆಲವಕ್ಕೆ ಕಾವಲುಗಾರರನ್ನು ಹಾಕಿದರು, ಕೆಲವೆಡೆ ಕೆಳಸೇತುವೆ ಕಟ್ಟಿದರು. 2019ರ ಜನವರಿಯ ಹೊತ್ತಿಗೆ ದೇಶದ ಬ್ರಾಡ್‌ಗೇಜ್ ದಾರಿಗಳಲ್ಲಿ ಕಾವಲಿಲ್ಲದ ಗೇಟುಗಳು ಕೊನೆಗೊಂಡುವು.

ಹಾಗಾದರೆ ಭಯ ತೀರಿತೆ? ಮುಚ್ಚಿದ ಗೇಟಿನ ಕೆಳಗೆ ಬೈಕನ್ನು ಬಾಗಿಸಿ ನುಸುಳುವವರನ್ನು ತಾವೂ ಕಂಡಿರಬೇಕು. ಹಾಗೆ ನುಸುಳಿದವನ ಪಾಲಿಗೆ ಗೇಟು ಮತ್ತೆ ಕಾವಲಿಲ್ಲದ್ದೇ. ಒಂದು ರೈಲು ಹೋದೊಡನೆ ಧಾವಿಸಬೇಡಿ. ಜೋಡಿ ಹಳಿಯ ಮೇಲೆ ಎದುರಿನಿಂದ ಮತ್ತೊಂದು ಬರುತ್ತಿರಬಹುದು. ದುರ್ದೈವದಿಂದ ಅಪಘಾತ ಕಂಡರೆ, ನಮ್ಮ ರಾಜ್ಯದಲ್ಲಿ 2008ರಿಂದ ಇರುವ 108ಕ್ಕೆ ಕರೆಮಾಡಿ. ಬೆನ್ನಿಗೆ ಪೆಟ್ಟಾದವರನ್ನು ಅವಸರದಿಂದ ಎಳೆದಾಡಬೇಡಿ.

ಮತ್ತೆ, ಕ್ರೂಸರಿನಲ್ಲಿ ಕುಳಿತಾಗ ಚಾಲಕನು ಅವಸರಪಟ್ಟರೆ, “ತಡಿಯಪ್ಪಾ, ಗೇಟು ತೆಗೀಲಿ” ಎನ್ನಲು ಸಂಕೋಚವೇಕೆ? ಆ ಅವಸರದ ಬೆಲೆ ತೆರುವವರು ನಾವೇ ಅಲ್ಲವೆ?